ಗ್ರಾಫಿಕ್ಸ್ ಕಾರ್ಡ್ ಬಿಸಿಯಾಗುತ್ತಿದೆಯೇ? ಹೊಸದು ಕೊಳ್ಳುವ ಮೊದಲು ಇದನ್ನು ಓದಿ

ಏಪ್ರಿಲ್ ಬಂತೆಂದರೆ ನಮ್ಮ ಕಲಬುರಗಿಯಲ್ಲಿ ಮನುಷ್ಯರ ಜೊತೆ ಕಂಪ್ಯೂಟರ್‌ಗಳೂ ಬಳಲುತ್ತವೆ. ಗೇಮ್ ಆಡುವಾಗ ಚಿತ್ರ ತಡೆದು ತಡೆದು ಬರುತ್ತದೆ, ಫ್ಯಾನ್ ಮಿಕ್ಸಿಯಂತೆ ಸದ್ದು ಮಾಡುತ್ತದೆ, ಕೆಲವೊಮ್ಮೆ ಪರದೆ ಇದ್ದಕ್ಕಿದ್ದಂತೆ ಕಪ್ಪಾಗಿಬಿಡುತ್ತದೆ. ಇದನ್ನು ನೋಡಿದ ಹೆಚ್ಚಿನವರು ‘ಗ್ರಾಫಿಕ್ಸ್ ಕಾರ್ಡ್ ಹೋಯಿತು’ ಎಂದುಕೊಳ್ಳುತ್ತಾರೆ. ಆದರೆ ಬಹಳ ಸಲ ಕಾರ್ಡ್ ಹಾಳಾಗಿರುವುದಿಲ್ಲ. ಅದರ ಬಿಸಿ ಹೊರಗೆ ಹೋಗಲು ದಾರಿ ಸಿಕ್ಕಿರುವುದಿಲ್ಲ, ಅಷ್ಟೇ.

ನಾನು ಕಾಮರ್ಸ್ ವಿದ್ಯಾರ್ಥಿ. ಆದರೂ ಈ ವಿಷಯ ಬರೆಯಲು ಕಾರಣವಿದೆ. ನಮ್ಮ ಮನೆಯಲ್ಲಿ ಜಿಟಿಎಕ್ಸ್ 1060 ಕಾರ್ಡ್ ಇರುವ ಒಂದು ಗೇಮಿಂಗ್ ಕಂಪ್ಯೂಟರ್ ಇದೆ. ರಾತ್ರಿ ಅದರಲ್ಲಿ ನನ್ನ ಆಟ, ಹಗಲು ಭಾಯಿಜಾನ್ ಕೆಲಸ. ಅವರು ಮದುವೆ ವಿಡಿಯೊಗಳನ್ನು ಎಡಿಟ್ ಮಾಡಿಕೊಡುತ್ತಾರೆ. ಕಳೆದ ಮೇ ತಿಂಗಳಲ್ಲಿ, ಮದುವೆ ಸೀಜನ್ ಜೋರಾಗಿರುವಾಗಲೇ, ವಿಡಿಯೊ ತಯಾರಾಗುವ ಮಧ್ಯದಲ್ಲಿ ಕಂಪ್ಯೂಟರ್ ನಿಲ್ಲತೊಡಗಿತು. ಅಂಗಡಿಯವರೊಬ್ಬರು ಐದು ನಿಮಿಷ ನೋಡಿ, ‘ಕಾರ್ಡ್ ಡೆಡ್, ಹೊಸದಕ್ಕೆ 18,000 ರೂಪಾಯಿ’ ಎಂದರು. ಅಬ್ಬಾ ಬೇಡ ಎನ್ನಲಿಲ್ಲ, ‘ಮೊದಲು ಹಿಸಾಬು ತೋರಿಸಿ’ ಎಂದರು. ಹಿಸಾಬು ತೋರಿಸಲು ಹೊರಟು ನಾವು ಕಲಿತದ್ದೇ ಈ ಲೇಖನ.

ಬಿಸಿ ಎಲ್ಲಿಂದ ಬರುತ್ತದೆ?

ಗ್ರಾಫಿಕ್ಸ್ ಕಾರ್ಡ್ ಎಂದರೆ ಪರದೆಯ ಮೇಲಿನ ಚಿತ್ರಗಳನ್ನು ಲೆಕ್ಕ ಹಾಕಿ ತಯಾರಿಸುವ ಭಾಗ. ಅದರ ನಡುವೆ ಒಂದು ಚಿಪ್ ಇರುತ್ತದೆ. 2016ರಲ್ಲಿ ಬಂದ ಜಿಟಿಎಕ್ಸ್ 1060 ಪೂರ್ತಿ ಕೆಲಸ ಮಾಡುವಾಗ ಸುಮಾರು 120 ವ್ಯಾಟ್ ವಿದ್ಯುತ್ ಬಳಸುತ್ತದೆ. ಆ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಹಳೆಯ ಕಾಲದ 60 ವ್ಯಾಟ್‌ನ ಎರಡು ಬಲ್ಬುಗಳನ್ನು ಒಂದು ಡಬ್ಬಿಯೊಳಗೆ ಉರಿಸಿದಂತೆ. ದೊಡ್ಡ ಕಾರ್ಡುಗಳ ಕಥೆ ಇನ್ನೂ ಜೋರು: ಆರ್‌ಟಿಎಕ್ಸ್ 4090 ಬಳಸುವುದು 450 ವ್ಯಾಟ್.

ಈ ಶಾಖ ಚಿಪ್‌ನಿಂದ ಥರ್ಮಲ್ ಪೇಸ್ಟ್‌ಗೆ, ಅಲ್ಲಿಂದ ಹೀಟ್‌ಸಿಂಕ್ ಎಂಬ ಲೋಹದ ತೆಳು ಪಟ್ಟಿಗಳಿಗೆ, ಅಲ್ಲಿಂದ ಫ್ಯಾನಿನ ಗಾಳಿಗೆ, ಕೊನೆಗೆ ಕ್ಯಾಬಿನೆಟ್ಟಿನಿಂದ ಕೋಣೆಗೆ ಹೋಗಬೇಕು. ಎಲ್ಲಿ ತಡೆಯಾದರೂ ಚಿಪ್ ಬಿಸಿಯಾಗುತ್ತದೆ. ಚಿಪ್ ಇದನ್ನು ಸುಮ್ಮನೆ ಸಹಿಸಿಕೊಳ್ಳುವುದಿಲ್ಲ. ನಿಗದಿತ ಮಿತಿ ತಲುಪಿದಾಗ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಚಿತ್ರ ತಡೆದು ಬರುವುದು ಆಗಲೇ. ಜಿಟಿಎಕ್ಸ್ 1060ಗೆ ತಯಾರಕರು ಹೇಳಿರುವ ಗರಿಷ್ಠ ಉಷ್ಣತೆ 94 ಡಿಗ್ರಿ ಸೆಲ್ಸಿಯಸ್.

ಇನ್ನೊಂದು ಮಾತು. ಫ್ಯಾನ್ ಕೋಣೆಯ ಗಾಳಿಯನ್ನೇ ಬೀಸುತ್ತದೆ. ಆದ್ದರಿಂದ ಅದು ಕಾರ್ಡನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಜನವರಿಯಲ್ಲಿ ಕೋಣೆ 26 ಡಿಗ್ರಿ ಇದ್ದಾಗ ಒಂದು ಕಾರ್ಡ್ 70 ಡಿಗ್ರಿ ತಲುಪುತ್ತಿದ್ದರೆ ವ್ಯತ್ಯಾಸ 44. ಮೇ ತಿಂಗಳಲ್ಲಿ ಅದೇ ಕೋಣೆ 39 ಆದರೆ, ಅದೇ ಆಟಕ್ಕೆ, ಅದೇ ಫ್ಯಾನ್ ವೇಗಕ್ಕೆ, ಅದೇ ಕಾರ್ಡ್ 83ರ ಹತ್ತಿರ ಹೋಗುತ್ತದೆ. ಕಾರ್ಡ್ ಬದಲಾಗಿಲ್ಲ, ಕೋಣೆ ಬದಲಾಗಿದೆ. ಹಾಗಾಗಿ ಬೇರೆ ಊರಿನವರು ‘ನನ್ನ ಕಾರ್ಡ್ 65 ಡಿಗ್ರಿಯಲ್ಲೇ ಇರುತ್ತದೆ’ ಎಂದರೆ ಗಾಬರಿಯಾಗಬೇಡಿ. ಕೋಣೆಯ ಉಷ್ಣತೆ ಎಷ್ಟು ಎಂದು ಕೇಳಿ.

ಮೊದಲು ಅಳೆಯಿರಿ

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲೇ ಕಾರ್ಡಿನ ಉಷ್ಣತೆ ಕಾಣಿಸುತ್ತದೆ. ಇನ್ನೂ ವಿವರ ಬೇಕಾದರೆ ಜಿಪಿಯು-ಝಡ್ ಅಥವಾ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಆಫ್ಟರ್‌ಬರ್ನರ್ ಬೇರೆ ಕಂಪನಿಗಳ ಕಾರ್ಡುಗಳಲ್ಲೂ ಕೆಲಸ ಮಾಡುತ್ತದೆ. ಹತ್ತು ನಿಮಿಷ ಆಟ ಆಡಿ ಮೂರು ಅಂಕಿಗಳನ್ನು ಬರೆದುಕೊಳ್ಳಿ: ಕೋಣೆಯ ಉಷ್ಣತೆ, ಕಾರ್ಡಿನ ಉಷ್ಣತೆ, ಚಿಪ್‌ನ ವೇಗ. ಮೂರನೆಯದನ್ನು ಮರೆಯಬೇಡಿ. ವೇಗ ತಗ್ಗಿಸಿಕೊಂಡ ಕಾರ್ಡ್ ಉಷ್ಣತೆಯನ್ನು ಒಂದೇ ಮಟ್ಟದಲ್ಲಿ ತೋರಿಸಿ ಎಲ್ಲ ಸರಿಯಿದೆ ಎನಿಸಬಹುದು.

ಆಮೇಲೆ ಒಂದು ಸುಲಭ ಪರೀಕ್ಷೆ. ಕಂಪ್ಯೂಟರ್ ಬಂದ್ ಮಾಡಿ, ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು, ಅದೇ ಆಟವನ್ನು ಮತ್ತೆ ಹತ್ತು ನಿಮಿಷ ಆಡಿ. ಉಷ್ಣತೆ ಬಹಳ ಇಳಿದರೆ ದೋಷ ಕ್ಯಾಬಿನೆಟ್ಟಿನ ಗಾಳಿಯ ಹರಿವಿನಲ್ಲಿದೆ. ಇಳಿಯದಿದ್ದರೆ ದೋಷ ಕಾರ್ಡಿನಲ್ಲೇ ಇದೆ: ಧೂಳು, ಪೇಸ್ಟ್ ಅಥವಾ ಫ್ಯಾನ್. ನಮ್ಮಲ್ಲಿ ಇಳಿದದ್ದು ಎರಡೇ ಡಿಗ್ರಿ.

ಖರ್ಚಿಲ್ಲದ ಉಪಾಯಗಳು

ಒಂದು, ಜಾಗ. ಕ್ಯಾಬಿನೆಟ್ಟನ್ನು ಗೋಡೆಗೆ ಒತ್ತಿ ಅಥವಾ ಮೇಜಿನ ಮುಚ್ಚಿದ ಖಾನೆಯಲ್ಲಿ ಇಡಬೇಡಿ. ಹಿಂದೆ ಒಂದು ಗೇಣಾದರೂ ಜಾಗ ಇರಲಿ. ನೆಲದ ಮೇಲಿಂದ ಎತ್ತಿ ಸ್ಟೂಲ್ ಮೇಲಿಡಿ, ಗುಡಿಸುವಾಗ ಏಳುವ ಧೂಳು ಅಷ್ಟು ಕಡಿಮೆಯಾಗುತ್ತದೆ. ಕೂಲರ್ ಗಾಳಿ ನೇರವಾಗಿ ಕ್ಯಾಬಿನೆಟ್ಟಿನೊಳಗೆ ಬೀಳುವಂತೆ ಇಡಬೇಡಿ, ನೀರಿನ ಹನಿ ಬರಬಹುದು.

ಎರಡು, ಫ್ರೇಮ್ ಮಿತಿ. ನಿಮ್ಮ ಮಾನಿಟರ್ 60 ಹರ್ಟ್ಸ್‌ನದಾದರೆ ಸೆಕೆಂಡಿಗೆ 60 ಚಿತ್ರಗಳಿಗಿಂತ ಹೆಚ್ಚು ತೋರಿಸಲಾರದು. ಆದರೆ ಮಿತಿ ಹಾಕದಿದ್ದರೆ ಕಾರ್ಡ್ 150 ಚಿತ್ರ ತಯಾರಿಸುತ್ತಾ ಕೂರುತ್ತದೆ. ಗಿರಾಕಿ ಇಲ್ಲದ ಮಾಲು ತಯಾರಿಸಿದಂತೆ. ಆಟದ ಸೆಟ್ಟಿಂಗ್ಸ್‌ನಲ್ಲಿ ವಿ-ಸಿಂಕ್ ಹಾಕಿ ಅಥವಾ ಮಿತಿಯನ್ನು 60ಕ್ಕೆ ಇಡಿ.

ಮೂರು, ಪವರ್ ಲಿಮಿಟ್. ಆಫ್ಟರ್‌ಬರ್ನರ್‌ನಲ್ಲಿ ಇದನ್ನು 100ರಿಂದ 80ಕ್ಕೆ ಇಳಿಸಿದರೆ 120 ವ್ಯಾಟ್ 96 ಆಗುತ್ತದೆ. ನಾನು ಆಡುವ ಆಟದಲ್ಲಿ 62 ಇದ್ದ ಫ್ರೇಮ್ 58 ಆಯಿತು. ಕಣ್ಣಿಗೆ ವ್ಯತ್ಯಾಸ ತಿಳಿಯಲಿಲ್ಲ.

ನಾಲ್ಕು, ಹೊತ್ತು. ಭಾಯಿಜಾನ್ ಈಗ ದೊಡ್ಡ ವಿಡಿಯೊಗಳನ್ನು ಜೋಹರ್ ಹೊತ್ತಿಗೆ ಹಾಕುವುದಿಲ್ಲ, ಇಶಾ ನಂತರ ಹಾಕುತ್ತಾರೆ. ಕೋಣೆ ಎಷ್ಟು ಡಿಗ್ರಿ ತಣ್ಣಗಿದೆಯೋ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಕಾರ್ಡಿನಲ್ಲೂ ಉಳಿತಾಯ.

ಧೂಳು ತೆಗೆಯುವುದು

ನಮ್ಮ ಊರಿನಲ್ಲಿ ದಾಲ್ ಮಿಲ್‌ಗಳ ಹೊಟ್ಟು, ರಸ್ತೆಯ ಮಣ್ಣು ಎರಡೂ ಸೇರುತ್ತವೆ. ಕಾರ್ಡಿನ ಹೀಟ್‌ಸಿಂಕ್ ಪಟ್ಟಿಗಳ ನಡುವೆ ಅದು ಕಂಬಳಿಯಂತೆ ಕೂರುತ್ತದೆ. ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಗಾಳಿ ಒಳಗೆ ಹೋಗುವುದಿಲ್ಲ.

ಕಂಪ್ಯೂಟರ್ ಬಂದ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಕೈ ಹಾಕುವ ಮೊದಲು ಕ್ಯಾಬಿನೆಟ್ಟಿನ ಬರಿ ಲೋಹವನ್ನು ಮುಟ್ಟಿ, ಮೈಯ ಸ್ಥಿರ ವಿದ್ಯುತ್ ಇಳಿಯುತ್ತದೆ. ಕಾರ್ಡನ್ನು ಹೊರತೆಗೆಯುವಾಗ ಅದಕ್ಕೆ ಬಂದಿರುವ ವೈರ್, ಸ್ಕ್ರೂ, ಸ್ಲಾಟಿನ ತುದಿಯ ಚಿಕ್ಕ ಕೊಂಡಿ ಮೂರನ್ನೂ ಬಿಡಿಸಿ. ಮೆತ್ತನೆಯ ಒಣ ಬ್ರಷ್ ಮತ್ತು ಬ್ಲೋವರ್ ಸಾಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದುಕೊಳ್ಳಿ. ವೇಗವಾಗಿ ತಿರುಗಿದರೆ ಅದರ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆ ಬೇಡ.

ಥರ್ಮಲ್ ಪೇಸ್ಟ್

ಚಿಪ್ ಮತ್ತು ಹೀಟ್‌ಸಿಂಕ್ ಕಣ್ಣಿಗೆ ನುಣುಪಾಗಿ ಕಂಡರೂ ನಡುವೆ ಅತಿ ಸಣ್ಣ ಸಂದುಗಳಿರುತ್ತವೆ. ಅಲ್ಲಿ ಗಾಳಿ ಇದ್ದರೆ ಶಾಖ ದಾಟುವುದು ಕಷ್ಟ, ಏಕೆಂದರೆ ಶಾಖ ಸಾಗಿಸುವುದರಲ್ಲಿ ಗಾಳಿ ತಾಮ್ರಕ್ಕಿಂತ ಸಾವಿರಾರು ಪಟ್ಟು ಹಿಂದೆ. ಆ ಸಂದು ತುಂಬುವುದೇ ಪೇಸ್ಟ್‌ನ ಕೆಲಸ. ವರ್ಷಗಳು ಕಳೆದಂತೆ ಅದು ಒಣಗಿ ಪುಡಿಯಾಗುತ್ತದೆ.

ಹೀಟ್‌ಸಿಂಕ್ ಬಿಚ್ಚಿದ ಮೇಲೆ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಹೊಸ ಪೇಸ್ಟನ್ನು ಚಿಪ್ ಮುಚ್ಚುವಷ್ಟು ತೆಳುವಾಗಿ ಹಚ್ಚಿ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ಚಿಪ್‌ಗೆ ಪೆಟ್ಟಾಗಬಹುದು. ಸುತ್ತಲಿನ ಮೆಮೊರಿ ಚಿಪ್‌ಗಳ ಮೇಲೆ ರಬ್ಬರಿನಂಥ ಪ್ಯಾಡ್‌ಗಳಿರುತ್ತವೆ. ಅವು ಹರಿದರೆ ಅದೇ ದಪ್ಪದ ಹೊಸದನ್ನೇ ಹಾಕಬೇಕು.

ನಮ್ಮ ಲೆಕ್ಕ

ಒಂದೇ ವಿಡಿಯೊವನ್ನು ಮೂರು ಸಲ ತಯಾರಿಸಿ ನೋಡಿದೆವು. ಕೋಣೆ ಮೂರು ಸಲವೂ 38 ಡಿಗ್ರಿಯ ಆಸುಪಾಸು. ಮೊದಲು ಕಾರ್ಡ್ 88 ಡಿಗ್ರಿ, ವೇಗ 1,480 ಮೆಗಾಹರ್ಟ್ಸ್. ಧೂಳು ತೆಗೆದ ಮೇಲೆ 81. ಪೇಸ್ಟ್ ಬದಲಿಸಿದ ಮೇಲೆ 74, ವೇಗ 1,830. ಪರದೆ ಕಪ್ಪಾಗುವುದು ನಿಂತಿತು. ಖರ್ಚು: ಪೇಸ್ಟ್ 280, ಆಲ್ಕೋಹಾಲ್ 120, ಬ್ರಷ್ 40, ಒಟ್ಟು 440 ರೂಪಾಯಿ. ಉಳಿದದ್ದು 17,560. ಆ ತಿಂಗಳ ವಿಡಿಯೊಗಳೂ ಸಮಯಕ್ಕೆ ಮುಗಿದವು.

ಯಾವಾಗ ಕೈ ಹಾಕಬಾರದು?

ಕಾರ್ಡ್ ವಾರಂಟಿಯಲ್ಲಿದ್ದರೆ ಬಿಚ್ಚಬೇಡಿ. ಮೊದಲು ಬಿಲ್ ಹುಡುಕಿ, ಸರ್ವಿಸ್ ಸೆಂಟರ್‌ಗೆ ಕೊಡಿ. ಕಂಪ್ಯೂಟರ್ ತಣ್ಣಗಿರುವಾಗಲೇ, ಚಾಲೂ ಮಾಡಿದ ಕೂಡಲೇ ಪರದೆಯಲ್ಲಿ ಬಣ್ಣದ ಚೌಕಗಳೋ ಗೆರೆಗಳೋ ಬಂದರೆ ಅದು ಬರೀ ಬಿಸಿಯ ದೋಷವಲ್ಲ, ಕಾರ್ಡ್ ನಿಜಕ್ಕೂ ಹಾಳಾಗಿರಬಹುದು. ಇನ್ನು ಕೆಲಸವಿಲ್ಲದಾಗ ಫ್ಯಾನ್ ತಿರುಗದೇ ಇದ್ದರೆ ಗಾಬರಿ ಬೇಡ. ತಣ್ಣಗಿರುವಾಗ ಫ್ಯಾನ್ ನಿಲ್ಲಿಸುವ ವ್ಯವಸ್ಥೆ ಹಲವು ಕಾರ್ಡುಗಳಲ್ಲಿದೆ. ಆಟ ಶುರುವಾಗಿ ಬಿಸಿಯೇರಿದ ಮೇಲೂ ತಿರುಗದಿದ್ದರೆ ಮಾತ್ರ ಫ್ಯಾನ್ ಬದಲಿಸಬೇಕು. ಅದಕ್ಕೂ ಇಡೀ ಕಾರ್ಡ್ ಬದಲಿಸಬೇಕಾಗಿಲ್ಲ.

ನಮ್ಮಲ್ಲಿ ಅನೇಕರು ಸೆಕೆಂಡ್ ಹ್ಯಾಂಡ್ ಕಾರ್ಡನ್ನೇ ಕೊಳ್ಳುತ್ತಾರೆ. ಕೊಳ್ಳುವ ಮೊದಲು ಮಾರುವವರ ಎದುರೇ ಹತ್ತು ನಿಮಿಷ ಆಟ ಓಡಿಸಿ, ಉಷ್ಣತೆ ಮತ್ತು ವೇಗ ನೋಡಿ. ಅಂಗಡಿಯಲ್ಲಿ ಯಾರಾದರೂ ‘ಕಾರ್ಡ್ ಹೋಯಿತು’ ಎಂದರೆ, ‘ಎಷ್ಟು ಡಿಗ್ರಿ ಬರುತ್ತಿದೆ, ತೋರಿಸಿ’ ಎಂದು ಕೇಳಿ. ಕೇಳಲು ದುಡ್ಡು ಬೇಕಿಲ್ಲ.