ಶಾಸನಸೂಚಿಯ ಗಣಕಪುಟಗಳು ಮತ್ತು ಸರ್ವರಿನ ಕುಸಿತ

ಕರ್ನಾಟಕದ ಶಾಸನಗಳನ್ನು ಅಭ್ಯಸಿಸುವವರಿಗೆ ನಾಗಪುರ ಅಪರಿಚಿತವಾದ ಊರಲ್ಲ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಲ್ಲಿ ಸಂಸ್ಕೃತ ಮತ್ತು ದ್ರಾವಿಡ ಭಾಷೆಗಳ ಶಾಸನಗಳ ಕಾರ್ಯ ಮೈಸೂರಿನಲ್ಲಿ ನಡೆದುಬಂದಿದ್ದರೆ, ಅರಬ್ಬೀ ಮತ್ತು ಫಾರಸೀ ಶಾಸನಗಳ ಶಾಖೆ ನಾಗಪುರದಲ್ಲಿ ನೆಲೆಗೊಂಡಿದೆ. ವಿಜಯಪುರ, ಬೀದರ, ಕಲಬುರಗಿ ಪ್ರದೇಶಗಳ ಇತಿಹಾಸವನ್ನು ಬರೆಯುವವರು ಈ ಎರಡೂ ಬಗೆಯ ಸಾಮಗ್ರಿಯನ್ನು ಜೊತೆಗಿಟ್ಟು ನೋಡಬೇಕಾಗುತ್ತದೆ. ರಾಜ್ಯದಿಂದ ದೂರವಿರುವ ಸಂಶೋಧಕರಿಗೆ ಇಂತಹ ಸಂದರ್ಭದಲ್ಲಿ ಗಣಕೀಕೃತ ಸೂಚಿಯೇ ಗ್ರಂಥಾಲಯವಾಗಿ ಒದಗುತ್ತದೆ. ಆ ಸೂಚಿಯನ್ನು ಹೊತ್ತ ಸರ್ವರು ಪದೇ ಪದೇ ಕುಸಿದರೆ ಅವರ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಇಂತಹ ಕುಸಿತಕ್ಕೆ ತಾನಾಗಿ ರಚಿತವಾದ ಪುಟಗಳ ಕೋಡು ಹೇಗೆ ಕಾರಣವಾಗುತ್ತದೆ ಮತ್ತು ಅದನ್ನು ಪತ್ತೆಹಚ್ಚುವ ಕ್ರಮ ಯಾವುದು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

1996ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಆ್ಯಕ್ಟಿವ್ ಸರ್ವರ್ ಪೇಜಸ್ ಬಂದ ತರುವಾಯ, ದತ್ತಸಂಚಯದ ಕೋಷ್ಟಕವನ್ನು ತೋರಿಸಿದರೆ ಸಾಕು, ಹುಡುಕುವ ಪುಟ, ಪಟ್ಟಿಯ ಪುಟ, ವಿವರದ ಪುಟಗಳನ್ನು ತಾವೇ ಬರೆದುಕೊಡುವ ತಂತ್ರಾಂಶಗಳು ಬಳಕೆಗೆ ಬಂದವು. ಕೋಡು ಬರೆಯಲರಿಯದ ವಿದ್ವಾಂಸರಿಗೆ ಇದು ದೊಡ್ಡ ಉಪಕಾರವೇ ಆಯಿತು. ಇಂದು ಅದೇ ಕೆಲಸವನ್ನು ಕೃತಕ ಬುದ್ಧಿಮತ್ತೆಯ ಸಾಧನಗಳೂ ಮಾಡುತ್ತಿವೆ. ಆದರೆ ಇಂತಹ ಪುಟಗಳನ್ನು ಸಾಮಾನ್ಯವಾಗಿ ಹತ್ತಿಪ್ಪತ್ತು ದಾಖಲೆಗಳನ್ನಿಟ್ಟುಕೊಂಡು, ಒಬ್ಬರೇ ಕುಳಿತು ಪರೀಕ್ಷಿಸಲಾಗುತ್ತದೆ. ದಾಖಲೆಗಳು ಸಾವಿರಗಟ್ಟಲೆ ಬೆಳೆದು, ಏಕಕಾಲಕ್ಕೆ ಹಲವರು ಬಂದಾಗ ಮಾತ್ರ ಕೋಡಿನ ದೋಷ ಹೊರಬೀಳುತ್ತದೆ.

ಒಂದು ಉದಾಹರಣೆಯನ್ನು ಭಾವಿಸೋಣ. ನಾಗಪುರದ ಸಂಶೋಧಕರೊಬ್ಬರು 1490ರಿಂದ 1686ರವರೆಗೆ ಬಿಜಾಪುರದಲ್ಲಿ ಆಳಿದ ಆದಿಲಶಾಹಿ ವಂಶದ ಶಾಸನಗಳನ್ನು ಹುಡುಕುತ್ತಿದ್ದಾರೆ. 'ಆದಿಲ್' ಎಂಬ ಹೆಸರು ಅರಬ್ಬೀಯಲ್ಲಿ ಐನ್ ಅಕ್ಷರದಿಂದ ಆರಂಭವಾಗುತ್ತದೆ. ರೋಮನ್ ಲಿಪ್ಯಂತರದಲ್ಲಿ ಅದನ್ನು ಅನೇಕರು ಒಂಟಿ ಉದ್ಧರಣ ಚಿಹ್ನೆಯಿಂದಲೇ ಸೂಚಿಸುತ್ತಾರೆ. ದತ್ತಸಂಚಯಕ್ಕೆ ಕಳುಹಿಸುವ ಪ್ರಶ್ನೆಯಲ್ಲಿಯೂ ಪದದ ಆದಿ ಅಂತ್ಯಗಳನ್ನು ಗುರುತಿಸುವುದು ಅದೇ ಚಿಹ್ನೆ. ಓದುಗರು ಬರೆದ ಪದವನ್ನು ಕೋಡು ಹಾಗೆಯೇ ಪ್ರಶ್ನೆಯೊಳಗೆ ಸೇರಿಸಿದರೆ, ಪದ ಆರಂಭವಾಗುವ ಮೊದಲೇ ಮುಗಿಯಿತೆಂದು ದತ್ತಸಂಚಯ ತಿಳಿದು ಪ್ರಶ್ನೆಯನ್ನು ತಿರಸ್ಕರಿಸುತ್ತದೆ.

ಇಷ್ಟರಿಂದಲೇ ಸರ್ವರು ಕುಸಿಯುವುದಿಲ್ಲ. ದೋಷವುಂಟಾದರೆ ಲಕ್ಷಿಸದೆ ಮುಂದಿನ ಸಾಲಿಗೆ ಹೋಗೆಂಬ ಆದೇಶ ಪುಟದ ಮೇಲ್ಭಾಗದಲ್ಲಿದ್ದರೆ ಮಾತ್ರ ಅನರ್ಥ ಬೆಳೆಯುತ್ತದೆ. ದಾಖಲೆಗಳು ಮುಗಿಯುವವರೆಗೆ ಸುತ್ತಬೇಕಾದ ಆವರ್ತನೆಗೆ ಈಗ ದಾಖಲೆಗಳೇ ಇಲ್ಲ. ಮುಗಿದವೆಂದು ತಿಳಿಯುವ ಉಪಾಯವೂ ಇಲ್ಲ. ಅದು ಸುತ್ತುತ್ತಲೇ ಇರುತ್ತದೆ. ಮೇಲೆ ಹೇಳಿದ ವ್ಯವಸ್ಥೆಯಲ್ಲಿ ಪುಟವೊಂದಕ್ಕೆ ಸಾಮಾನ್ಯವಾಗಿ ನಿಗದಿಯಾದ ಕಾಲಮಿತಿ 90 ಸೆಕೆಂಡು. ಉತ್ತರ ಬಾರದೆಂದು ಸಂಶೋಧಕರು ಮೂರು ನಾಲ್ಕು ಬಾರಿ ಮತ್ತೆ ಒತ್ತಿದರೆ ಅಷ್ಟು ಆವರ್ತನೆಗಳು ಒಟ್ಟಿಗೆ ಸುತ್ತತೊಡಗಿ, ಉಳಿದ ಓದುಗರ ಪುಟಗಳೂ ನಿಂತುಹೋಗುತ್ತವೆ.

ಎರಡನೆಯ ಕಾರಣ ಮುಚ್ಚದೆ ಉಳಿದ ಸಂಪರ್ಕಗಳು. ಪ್ರತಿ ಪುಟವೂ ದತ್ತಸಂಚಯದೊಡನೆ ಸಂಪರ್ಕವೊಂದನ್ನು ತೆರೆಯುತ್ತದೆ. ಕೆಲಸ ಸುಗಮವಾಗಿ ಮುಗಿದಾಗ ಮುಚ್ಚುವ ಕೋಡು, ನಡುವೆ ದೋಷ ತಲೆದೋರಿದಾಗ ಮುಚ್ಚುವುದನ್ನು ಮರೆಯುವುದುಂಟು. ಮೈಎಸ್‌ಕ್ಯೂಎಲ್ ದತ್ತಸಂಚಯದಲ್ಲಿ ಬದಲಾಯಿಸದಿದ್ದರೆ ಇರುವ ಮಿತಿ 151 ಸಂಪರ್ಕಗಳು. ಅವು ತುಂಬಿದ ಮೇಲೆ ಹೊಸ ಓದುಗರಿಗೆ ಪ್ರವೇಶವಿಲ್ಲ. ಮೂರನೆಯದು, ಹತ್ತು ದಾಖಲೆಗಳನ್ನು ತೋರಿಸಲು ಇಡೀ ಕೋಷ್ಟಕವನ್ನೇ ಸ್ಮೃತಿಗೆ ತರುವ ಪದ್ಧತಿ. ನಾಲ್ಕನೆಯದು ನಮ್ಮ ಲಿಪಿಗೆ ಸಂಬಂಧಿಸಿದ್ದು. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟುಗಳು ಬೇಕು. 'ಶ್ರೀ' ಎಂಬ ಒಂದು ಅಕ್ಷರದಲ್ಲಿ 4 ಸಂಕೇತಗಳಿದ್ದು, ಅದು 12 ಬೈಟುಗಳನ್ನು ಆಕ್ರಮಿಸುತ್ತದೆ. ಇಂಗ್ಲಿಷ್ ಅಕ್ಷರಗಳ ಲೆಕ್ಕದಲ್ಲಿ ಬೈಟುಗಳನ್ನು ಎಣಿಸುವ ಕೋಡು ಶಾಸನಪಾಠವನ್ನು ಅಕ್ಷರದ ನಡುವೆಯೇ ಕತ್ತರಿಸಬಹುದು. ಆ ತುಂಡನ್ನು ಓದಹೊರಟ ಮುಂದಿನ ಪುಟ ದೋಷಕ್ಕೆ ಸಿಲುಕುತ್ತದೆ.

ಸರ್ವರನ್ನು ಮತ್ತೆ ಚಾಲನೆಗೊಳಿಸಿದರೆ ಸ್ಮೃತಿ ಬರಿದಾಗಿ, ಸಂಪರ್ಕಗಳು ಕಳಚಿ, ಎಲ್ಲವೂ ಸರಿಯಾದಂತೆ ಕಾಣುತ್ತದೆ. ಇದು ಪರಿಹಾರವಲ್ಲ, ಸಾಕ್ಷ್ಯವನ್ನು ಅಳಿಸಿದಂತೆ. ಆದ್ದರಿಂದ ಮೊದಲು ಆ ಕ್ಷಣದ ಸ್ಮೃತಿಬಳಕೆಯನ್ನೂ ತೆರೆದ ಸಂಪರ್ಕಗಳ ಪಟ್ಟಿಯನ್ನೂ ಬರೆದಿಟ್ಟುಕೊಳ್ಳಬೇಕು. ಸರ್ವರಿನ ದಿನಚರಿಯಲ್ಲಿ ಕೋರಿಕೆಗಳು ಸಾಮಾನ್ಯವಾಗಿ ಮುಗಿದ ಮೇಲೆ ದಾಖಲಾಗುವುದರಿಂದ, ಕುಸಿತಕ್ಕೆ ಕಾರಣವಾದ ಕೋರಿಕೆ ಅಲ್ಲಿ ಇಲ್ಲದಿರಬಹುದು ಎಂಬುದನ್ನು ಗಮನಿಸತಕ್ಕದ್ದು. ಬಳಿಕ ದೋಷವನ್ನು ಲಕ್ಷಿಸದಿರುವ ಆದೇಶವನ್ನು ತೆಗೆದುಹಾಕಿ, ಸೂಚಿಯ ಪ್ರತಿಯೊಂದರ ಮೇಲೆ ಅದೇ ಹುಡುಕಾಟವನ್ನು ನಡೆಸಿದರೆ ದೋಷದ ಸಾಲು ತಾನೇ ಕಾಣಿಸಿಕೊಳ್ಳುತ್ತದೆ. ಓದುಗರ ಪದವನ್ನು ಪ್ರಶ್ನೆಯಲ್ಲಿ ಬೆರೆಸದೆ ಪ್ರತ್ಯೇಕ ಮೌಲ್ಯವಾಗಿ ಒಪ್ಪಿಸುವುದು, ದೋಷವಿದ್ದರೂ ಇಲ್ಲದಿದ್ದರೂ ಸಂಪರ್ಕವನ್ನು ಮುಚ್ಚುವುದು, ಬೇಕಾದಷ್ಟೇ ದಾಖಲೆಗಳನ್ನು ಕೇಳುವುದು, ಉದ್ದವನ್ನು ಬೈಟುಗಳಲ್ಲಿ ಎಣಿಸದಿರುವುದು - ಈ ತಿದ್ದುಪಡಿಗಳನ್ನು ಒಂದೊಂದಾಗಿ ಮಾಡಿ ಪರೀಕ್ಷಿಸಬೇಕು. ತಂತ್ರಾಂಶ ಪುಟಗಳನ್ನು ಮತ್ತೊಮ್ಮೆ ರಚಿಸಿದರೆ ಕೈಯಿಂದ ಮಾಡಿದ ತಿದ್ದುಪಡಿಗಳು ಅಳಿಸಿಹೋಗುವುದರಿಂದ ಅವುಗಳ ಟಿಪ್ಪಣಿಯನ್ನು ಪ್ರತ್ಯೇಕವಾಗಿ ಕಾಪಾಡುವುದು ಅವಶ್ಯಕ.

ಶಿಲೆ ತಾಮ್ರಗಳ ಮೇಲಿನ ಬರಹ ಶತಮಾನಗಳನ್ನು ದಾಟಿ ನಮಗೆ ತಲುಪಿದೆ. ಗಣಕಪುಟದ ಆಯುಷ್ಯ ಕೆಲವು ವರ್ಷಗಳದ್ದು. ಆದಕಾರಣ ಸೂಚಿಯ ದಾಖಲೆಗಳನ್ನು ಯಾವ ಪುಟರಚನೆಯ ತಂತ್ರಾಂಶಕ್ಕೂ ಅಧೀನವಾಗದ ಸರಳ ಯೂನಿಕೋಡ್ ಪಠ್ಯವಾಗಿಯೂ ಉಳಿಸಿಡಬೇಕೆಂಬುದು ನಮ್ಮ ಅಭಿಪ್ರಾಯ. ಆಗ ಸರ್ವರು ನಿಂತ ದಿನವೂ ನಾಗಪುರದ ಓದುಗರ ಕೆಲಸ ನಿಲ್ಲಬೇಕಾಗಿಲ್ಲ.