ಪ್ರತಿಗಳ ತಾಳಮೇಳ

ದೊಡ್ಡಬಳ್ಳಾಪುರದ ರೈತನು ತಾಲ್ಲೂಕು ಕಚೇರಿಗೆ ಹೋಗಿ ಪಹಣಿಯನ್ನು ಕೇಳಿದರೆ, ಅದು ಅಚ್ಚಾಗಿ ಅವನ ಕೈಸೇರುತ್ತದೆ. ಸರ್ವೆ ನಂಬರು, ವಿಸ್ತೀರ್ಣ, ಹಕ್ಕುದಾರನ ಹೆಸರು, ಬೆಳೆ ಇವೆಲ್ಲವೂ ಅದರಲ್ಲಿರುತ್ತವೆ. ಹಿಂದೆ ಶಾನುಭೋಗರೂ ಅನಂತರ ಗ್ರಾಮ ಲೆಕ್ಕಿಗರೂ ಇದನ್ನು ಕೈಯಿಂದ ಬರೆದಿಡುತ್ತಿದ್ದರು. 2000ದ ಸುಮಾರಿಗೆ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು.

ಪುಸ್ತಕಕ್ಕೆ ಗೆದ್ದಲಿನ ಭಯ. ಗಣಕಯಂತ್ರಕ್ಕೆ ಡಿಸ್ಕ್ ಕೆಡುವ ಭಯ. ಆದುದರಿಂದ ಮುಖ್ಯವಾದ ಕಡತಗಳನ್ನು ಬೇರೆ ಬೇರೆ ಸ್ಥಳಗಳ ಎರಡು ಸರ್ವರುಗಳಲ್ಲಿ ಇಡುವುದುಂಟು. ಅನೇಕರಿಗೆ ಕಡತಗಳನ್ನು ಒದಗಿಸುವ ಗಣಕಯಂತ್ರವೇ ಸರ್ವರ್. ಒಂದರಲ್ಲಾದ ಬದಲಾವಣೆಯು ತಾನಾಗಿಯೇ ಇನ್ನೊಂದಕ್ಕೆ ತಲುಪುವ ಏರ್ಪಾಡನ್ನು ಪ್ರತಿಕರಣ ಎನ್ನಬಹುದು.

ದೊಡ್ಡ ಕಡತವನ್ನು ಪ್ರತಿಸಲವೂ ಇಡಿಯಾಗಿ ಕಳುಹಿಸಬೇಕಾಗಿಲ್ಲ. 1996ರಲ್ಲಿ ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಾಸ್ ಎಂಬವರು ‘ಆರ್‌ಸಿಂಕ್’ ಎಂಬ ವಿಧಾನವನ್ನು ಪ್ರಕಟಿಸಿದರು. ಇದು ಕಡತವನ್ನು ಸಣ್ಣ ತುಣುಕುಗಳಾಗಿ ವಿಭಾಗಿಸಿ, ಒಂದೊಂದಕ್ಕೂ ಲೆಕ್ಕದಿಂದ ಒಂದು ಗುರುತಿನ ಸಂಖ್ಯೆಯನ್ನು ಕೊಡುತ್ತದೆ. ಸಂಖ್ಯೆ ಹೊಂದದ ತುಣುಕು ಮಾತ್ರ ರವಾನೆಯಾಗುತ್ತದೆ.

ಆದರೂ ಕೆಲವೊಮ್ಮೆ ಒಂದು ಕಡೆ ಹೊಸ ಕಡತವೂ ಇನ್ನೊಂದು ಕಡೆ ಹಳೆಯದೂ ಉಳಿಯುತ್ತವೆ. ಇದಕ್ಕೆ ಕಾರಣಗಳು ಹಲವು. ಸಂಪರ್ಕವು ಕಡಿದಿರಬಹುದು. ಯಾರೋ ಕಡತವನ್ನು ತೆರೆದಿಟ್ಟು ಮುಚ್ಚದೆ ಹೋಗಿರಬಹುದು. ಕಳುಹಿಸುವ ಮುನ್ನ ಕಡತಗಳನ್ನು ಸಿದ್ಧಪಡಿಸುವ ತಾತ್ಕಾಲಿಕ ಸ್ಥಳವು ಸಾಲದೆ ಬಂದಿರಬಹುದು. ಕಣ ಕಿರಿದಾದರೆ ಒಕ್ಕಣೆ ನಿಧಾನವಾಗುವಂತೆ ಆಗ ಕೆಲಸ ಕುಂಟುತ್ತದೆ. ವಿಂಡೋಸ್ ಸರ್ವರಿನಲ್ಲಿ ಈ ಸ್ಥಳವು ಅತಿ ದೊಡ್ಡ 32 ಕಡತಗಳ ಒಟ್ಟು ಗಾತ್ರದಷ್ಟಾದರೂ ಇರಬೇಕೆಂಬುದು ನಿಯಮ. ಇನ್ನೊಂದು ತೊಡಕೆಂದರೆ, ಒಂದೇ ಕಡತವನ್ನು ಎರಡು ಕಡೆಯೂ ತಿದ್ದುವುದು. ಆಗ ಸಾಮಾನ್ಯವಾಗಿ ಕಡೆಯ ತಿದ್ದುಪಡಿ ನಿಲ್ಲುತ್ತದೆ. ಆದರೆ ಗಡಿಯಾರಗಳು ತಪ್ಪಿದ್ದರೆ ಹಳೆಯದೇ ಗೆಲ್ಲಬಹುದು.

ಇಂತಹ ವೇಳೆ ಒಂದು ಕಡೆಯದನ್ನೆಲ್ಲ ಅಳಿಸಿ ಮತ್ತೆ ಪ್ರತಿ ಮಾಡುವ ಆತುರ ಸಲ್ಲದು. ಹಳೆಯದನ್ನೇ ಮೂಲವೆಂದು ತಪ್ಪಾಗಿ ತಿಳಿದರೆ ಹೊಸದೆಲ್ಲವೂ ನಾಶವಾದೀತು. ಮೊದಲು ಸರ್ವರು ತಾನೇ ಬರೆದಿಡುವ ದಿನಚರಿಯನ್ನು ಓದಬೇಕು. ಸಣ್ಣದೊಂದು ಕಡತವನ್ನಿಟ್ಟು ಅದು ಆಚೆಗೆ ತಲುಪುವುದೇ ಎಂದು ನೋಡಬೇಕು. ಬಳಿಕ ಎರಡೂ ಕಡೆಯ ಗುರುತಿನ ಸಂಖ್ಯೆಗಳನ್ನು ಹೋಲಿಸಿ, ಒಂದೊಂದೇ ಕಾರಣವನ್ನು ನಿವಾರಿಸಬೇಕು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಪ್ರತಿಕರಣವು ಬರೆದುದನ್ನಷ್ಟೇ ಅಲ್ಲ, ಅಳಿಸಿದುದನ್ನೂ ಆಚೆಗೆ ಒಯ್ಯುತ್ತದೆ. ಇಲ್ಲಿ ಕೈತಪ್ಪಿ ಅಳಿಸಿದ ಕಡತ ಕ್ಷಣದಲ್ಲಿ ಅಲ್ಲಿಯೂ ಅಳಿಯಬಹುದು. ಆದ್ದರಿಂದ ಇವೆರಡಕ್ಕೂ ಸೇರದ ಮೂರನೆಯ ಪ್ರತಿಯೊಂದನ್ನು ಪ್ರತ್ಯೇಕವಾಗಿ ಕಾಪಾಡಬೇಕು.

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಆ ಸೀಮೆಯ ಜಮೀನಿನ ಬೆಲೆ ಬಹಳ ಏರಿದೆ. ಅಲ್ಲಿ ಹಕ್ಕು ಬದಲಾವಣೆಯ ಒಂದು ಕಡತದಲ್ಲಿ ಹಳೆಯ ಹೆಸರೇ ಉಳಿದರೂ ಒಂದು ಕುಟುಂಬವು ವರ್ಷಗಟ್ಟಲೆ ಕಚೇರಿಗಳಿಗೆ ಅಲೆಯಬೇಕಾದೀತು. ಪ್ರತಿ ಮಾಡುವುದು ಯಂತ್ರದ ಕೆಲಸ. ಎರಡು ಪ್ರತಿಗಳಲ್ಲಿ ಯಾವುದು ನಿಜವೆಂದು ವಿಚಾರಿಸಿ ತಿಳಿಯುವ ಹೊಣೆ ಮನುಷ್ಯನದೇ.