ಆಚಂದ್ರಾರ್ಕ ಪರವಾನಗಿ

ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ ‘ಆಚಂದ್ರಾರ್ಕ’ ಎಂಬ ಮಾತು ಹೊಸದಲ್ಲ. ಸೂರ್ಯಚಂದ್ರರಿರುವವರೆಗೆ ಈ ಭೂಮಿ ಇಂಥವರದು ಎಂದು ಅರಸನು ಕಲ್ಲಿನಲ್ಲಿ ಬರೆಯಿಸುತ್ತಿದ್ದನು. ಸೂರ್ಯಚಂದ್ರರು ಮಾತಿಗೆ ತಪ್ಪಲಿಲ್ಲ, ಇಂದಿಗೂ ಇದ್ದಾರೆ. ಆದರೆ ಆ ಗದ್ದೆಗೆ ನೀರುಣಿಸುತ್ತಿದ್ದ ಕೆರೆಯೇ ಒಡೆದುಹೋದರೆ ಶಾಸನದ ಕಲ್ಲು ಏನು ಮಾಡೀತು? ಗಣಕಯಂತ್ರದ ತಂತ್ರಾಂಶವನ್ನು ಒಮ್ಮೆಗೇ ಹಣ ತೆತ್ತು, ಎಂದೆಂದಿಗೂ ಬಳಸುವ ಹಕ್ಕಿನೊಡನೆ ಕೊಂಡವರ ಪಾಡು ಈಗ ಹೆಚ್ಚುಕಡಿಮೆ ಹೀಗೆಯೇ ಆಗಿದೆ. ಪರವಾನಗಿ ಉಳಿದಿದೆ, ಅದು ನಿಂತಿದ್ದ ನೆಲ ಸರಿದುಹೋಗಿದೆ.

ಯಾದಗಿರಿ, ಶಹಾಪುರ, ಸುರಪುರಗಳ ಡಿಟಿಪಿ ಅಂಗಡಿಗಳಲ್ಲಿ ಕುಳಿತು ಕರಡು ತಿದ್ದುವ ಕೆಲಸ ನನಗೆ ಬಹುಕಾಲದಿಂದ ಬಂದುದು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಚುನಾವಣೆಯ ಮನವಿ, ಶಾಲೆಯ ಪ್ರಶ್ನೆಪತ್ರಿಕೆ, ಕಾಲೇಜಿನ ವಾರ್ಷಿಕ ಸಂಚಿಕೆ, ನಡುನಡುವೆ ಯಾರೋ ಅಧ್ಯಾಪಕರ ಕವನಸಂಕಲನ—ಇವೆಲ್ಲ ಆ ಅಂಗಡಿಗಳ ಬೆಳೆ. ಈ ಬೆಳೆ ತೆಗೆಯುವ ನೇಗಿಲು ಇಂದಿಗೂ ಅನೇಕ ಕಡೆ ಪೇಜ್‌ಮೇಕರ್ ಎಂಬುದೇ. ಆಲ್ಡಸ್ ಎಂಬ ಸಂಸ್ಥೆ ೧೯೮೫ರಲ್ಲಿ ಅದನ್ನು ಹೊರತಂದಿತು. ೧೯೯೪ರಲ್ಲಿ ಆ ಸಂಸ್ಥೆ ಅಡೋಬಿಯ ಪಾಲಾಯಿತು. ೨೦೦೧ರಲ್ಲಿ ಬಂದ ಏಳನೆಯ ಆವೃತ್ತಿಯೇ ಕೊನೆಯದು. ಅದು ಬಂದ ವರ್ಷ ಹುಟ್ಟಿದ ಕೂಸು ಈಗ ಪದವೀಧರನಾಗಿ ಕೆಲಸ ಹುಡುಕುತ್ತಿರಬೇಕು. ಪೇಜ್‌ಮೇಕರಿಗೆ ಮಾತ್ರ ನಿವೃತ್ತಿ ದೊರೆತಿಲ್ಲ.

ಇಷ್ಟು ಹಳೆಯದನ್ನು ಇವರೇಕೆ ಬಿಡಲೊಲ್ಲರು? ಹಟವೆಂದು ಹೊರಗಿನವರು ನಗಬಹುದು. ಕಾರಣ ಕನ್ನಡ ಲಿಪಿಯಲ್ಲಿಯೇ ಇದೆ. ಪೇಜ್‌ಮೇಕರಿಗೆ ಕನ್ನಡವೆಂಬ ಭಾಷೆಯೊಂದುಂಟೆಂಬುದೇ ತಿಳಿಯದು. ಅದಕ್ಕೆ ಗೊತ್ತಿರುವುದು ರೋಮನ್ ಲಿಪಿಯ ಇನ್ನೂರು ಚಿಲ್ಲರೆ ಮನೆಗಳು ಮಾತ್ರ. ನಮ್ಮವರು ಜಾಣತನದಿಂದ ಆ ಮನೆಗಳೊಳಗೇ ಕನ್ನಡವನ್ನು ಒಕ್ಕಲು ಕೂರಿಸಿದರು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯ ಹಳೆಯ ಫಾಂಟುಗಳಲ್ಲಿ ‘ಪಿ’ ಎಂಬ ದೊಡ್ಡಕ್ಷರದ ಮನೆಯಲ್ಲಿ ತಲೆಕಟ್ಟಿಲ್ಲದ ‘ಕ’ ಇದೆ. ತಲೆಕಟ್ಟು ಬೇರೊಂದು ಮನೆಯಲ್ಲಿ. ‘ನ’ಕಾರದ ಒಡಲು ಇಂಗ್ಲೆಂಡಿನ ಪೌಂಡು ನಾಣ್ಯದ ಚಿಹ್ನೆಯ ಮನೆಯಲ್ಲಿ. ‘ಕನ್ನಡ’ ಎಂಬ ಮೂರಕ್ಷರದ ಪದಕ್ಕೆ ಅಲ್ಲಿ ಏಳು ತುಂಡುಗಳು ಬೇಕು. ಸೀಸದ ಮೊಳೆಗಳನ್ನು ಒಂದೊಂದಾಗಿ ಆಯ್ದು ಜೋಡಿಸುತ್ತಿದ್ದ ಹಳೆಯ ಮುದ್ರಣಾಲಯದವರು ಇದನ್ನು ಕಂಡಿದ್ದರೆ ತಮ್ಮ ವಿದ್ಯೆಯೇ ಎಂದು ಗುರುತು ಹಿಡಿಯುತ್ತಿದ್ದರು. ಕಡತದಲ್ಲಿ ಉಳಿಯುವುದು ಅಕ್ಷರವಲ್ಲ, ಅಕ್ಷರದ ಆಕಾರ. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ‘ಕನ್ನಡ’ದ ನಡುಮಧ್ಯೆ ಪೌಂಡಿನ ಗುರುತು ಎದ್ದು ನಿಲ್ಲುತ್ತದೆ. (ಕನ್ನಡಕ್ಕೂ ಹಣಕ್ಕೂ ಇರುವ ನಂಟು ಇಷ್ಟೇ ಎಂದು ಮಿತ್ರರೊಬ್ಬರು ಹಾಸ್ಯ ಮಾಡುವುದುಂಟು.)

ಯೂನಿಕೋಡ್ ಎಂಬ ವಿಶ್ವಸಂಕೇತದಲ್ಲಿ ಕನ್ನಡಕ್ಕೆ ಸ್ವಂತ ಮನೆ ದೊರೆತದ್ದು ೧೯೯೧ರಷ್ಟು ಹಿಂದೆಯೇ. ಆದರೆ ಪುಟವಿನ್ಯಾಸದ ತಂತ್ರಾಂಶಗಳಿಗೆ ಆ ಅರಿವು ಬರಲು ಬಹಳ ಕಾಲ ಹಿಡಿಯಿತು. ಪೇಜ್‌ಮೇಕರಿನ ಉತ್ತರಾಧಿಕಾರಿಯಾದ ಇನ್‌ಡಿಸೈನ್ ಭಾರತೀಯ ಲಿಪಿಗಳನ್ನು ನೇರ್ಪಾಗಿ ಜೋಡಿಸತೊಡಗಿದ್ದು ೨೦೧೨ರ ಸಿಎಸ್ ೬ರ ವೇಳೆಗೆ. ಅಷ್ಟರಲ್ಲಿ ನಮ್ಮ ಅಂಗಡಿಗಳಲ್ಲಿ ಹತ್ತು ಹದಿನೈದು ವರ್ಷಗಳ ಕಡತಗಳು ಹಳೆಯ ಸಂಕೇತದಲ್ಲಿಯೇ ಗುಡ್ಡೆ ಬಿದ್ದಿದ್ದವು. ಮರುವರ್ಷವೇ, ೨೦೧೩ರಲ್ಲಿ, ಅಡೋಬಿ ತನ್ನ ಹೊಸ ತಂತ್ರಾಂಶಗಳನ್ನು ಇನ್ನು ಮುಂದೆ ಮಾರುವುದಿಲ್ಲ, ಚಂದಾದ ಮೇಲಷ್ಟೇ ಕೊಡುವೆನೆಂದು ಸಾರಿತು. ಮದುವೆಯ ಹಂಗಾಮಿನಲ್ಲಿ ಗಳಿಸಿ ಮಳೆಗಾಲದಲ್ಲಿ ಕೈಕಟ್ಟಿ ಕೂಡುವ ಅಂಗಡಿಗೆ ತಿಂಗಳ ಬಾಡಿಗೆಯ ಕೊಡಲಿಪೆಟ್ಟು ತಾಳಲಾದೀತೇ? ಆದ್ದರಿಂದ ಹಳೆಯದನ್ನೇ ನಡೆಸಬೇಕಾಯಿತು.

ನಡೆಸುವುದೂ ಒಂದು ವಿದ್ಯೆ. ೬೪ ಬಿಟ್ಟಿನ ವಿಂಡೋಸ್ ೧೬ ಬಿಟ್ಟಿನ ಕಾಲದ ಕಾರ್ಯಕ್ರಮಗಳನ್ನು ಹೊಸ್ತಿಲೊಳಗೆ ಬಿಡದು. ವಿಂಡೋಸ್ ೧೧ ದೊರೆಯುವುದೇ ೬೪ ಬಿಟ್ಟಿನಲ್ಲಿ. ತೊಂಬತ್ತರ ದಶಕದ ಎಷ್ಟೋ ತಂತ್ರಾಂಶಗಳು ತಾವು ೩೨ ಬಿಟ್ಟಿನವಾಗಿದ್ದರೂ ಅವನ್ನು ಸ್ಥಾಪಿಸುವ ಸಹಾಯಕ ೧೬ ಬಿಟ್ಟಿನವನು. ಆತ ಬಾಗಿಲಲ್ಲೇ ಮುಗ್ಗರಿಸುತ್ತಾನೆ. ಕೆಲವು ಕನ್ನಡ ತಂತ್ರಾಂಶಗಳು ಕಳವಿನ ಭಯದಿಂದ ಒಂದು ಲಾಕಿನೊಡನೆ ಬರುತ್ತಿದ್ದವು. ಹೆಬ್ಬೆಟ್ಟಿನ ಗಾತ್ರದ ಆ ಪೆಟ್ಟಿಗೆಯನ್ನು ಮುದ್ರಕಕ್ಕೆ ತಂತಿ ಸಿಕ್ಕಿಸುವ ಅಗಲವಾದ ಕಿಂಡಿಗೆ ಹಾಕಬೇಕಿತ್ತು. ಇಂದಿನ ಯಂತ್ರಗಳಲ್ಲಿ ಆ ಕಿಂಡಿಯೇ ಇಲ್ಲ. ಕೀಲಿ ಕೈಯಲ್ಲಿದೆ, ಬಾಗಿಲಿನ ಬೀಗದ ಕಣ್ಣು ಮುಚ್ಚಿಹೋಗಿದೆ!

ಶಹಾಪುರದ ಅಂಗಡಿಯೊಂದರಲ್ಲಿ ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು. ಅಲ್ಲಿ ಹೊಸ ಯಂತ್ರದ ಹೊಟ್ಟೆಯೊಳಗೆ ವರ್ಚುವಲ್ ಬಾಕ್ಸ್ ಎಂಬ ಉಚಿತ ತಂತ್ರಾಂಶದ ಬಲದಿಂದ ಹಳೆಯ ಯಂತ್ರವೊಂದನ್ನು ಕಲ್ಪಿಸಿ, ಅದರಲ್ಲಿ ವಿಂಡೋಸ್ ಎಕ್ಸ್‌ಪಿಯನ್ನು ಇಟ್ಟಿದ್ದಾರೆ. ಎಕ್ಸ್‌ಪಿಗೆ ಕಾವಲು ನಿಂತದ್ದು ೨೦೧೪ರ ಏಪ್ರಿಲಿನಲ್ಲಿ. ಆದುದರಿಂದ ಅದಕ್ಕೆ ಅಂತರ್ಜಾಲದ ಗಾಳಿ ಸೋಕದಂತೆ ತಂತಿ ಕತ್ತರಿಸಿದ್ದಾರೆ. ಕಡತಗಳು ಒಂದು ಹಂಚಿಕೆಯ ಕೋಶದ ಮೂಲಕ ಮಾತ್ರ ಒಳಗೆ ಹೋಗಿ ಹೊರಗೆ ಬರುತ್ತವೆ.

“ಹೊಸಾದು ಕಲಿಯಬಾರದಾ?” ಎಂದು ಕೇಳಿದೆ.

“ಕಲತೀನಿ ರೀ ಸರ. ಹೊಸಾ ಕೆಲಸ ಹೊಸಾದ್ರಾಗೇ ಮಾಡ್ತೀನಿ. ಆದ್ರ ಹೋದ ವರ್ಷದ ಜಾತ್ರಿ ಪತ್ರಿಕಾ ತಗೊಂಡ್ ಬಂದು, ಬರೇ ತಾರೀಖು ಬದಲ್ ಮಾಡು ಅಂತಾರ. ಅದಕ್ಕ ಪೂರಾ ಮತ್ತ ಟೈಪ್ ಮಾಡಿದ್ರ ರೊಕ್ಕ ಯಾರ್ ಕೊಡ್ತಾರ್ರಿ?”

ಸುರಪುರದ ಇನ್ನೊಬ್ಬರು ಇಷ್ಟು ದೂರ ಹೋಗಿಲ್ಲ. ಪೇಜ್‌ಮೇಕರನ್ನು ವಿಂಡೋಸಿನ ಕಾವಲಿರುವ ಕೋಶದಲ್ಲಿಡದೆ ಪ್ರತ್ಯೇಕ ಕೋಶದಲ್ಲಿ ಸ್ಥಾಪಿಸಿ, ಹಳೆಯ ವಿಂಡೋಸಿನ ವೇಷ ತೊಡಿಸಿ, ಪೋಸ್ಟ್‌ಸ್ಕ್ರಿಪ್ಟ್ ಮುದ್ರಕವೊಂದು ಇದೆಯೆಂದು ಅದನ್ನು ನಂಬಿಸಿ ನಡೆಸುತ್ತಿದ್ದಾರೆ. ಇಲ್ಲದ ಮುದ್ರಕವನ್ನು ತೋರಿಸದಿದ್ದರೆ ಅದು ಪಿಡಿಎಫ್ ಕೊಡಲು ತಕರಾರು ಮಾಡುತ್ತದಂತೆ.

ಪೇಜ್‌ಮೇಕರಿನ ಪುಣ್ಯವೆಂದರೆ ಅದು ಕೇಳುವುದು ಕ್ರಮಸಂಖ್ಯೆಯನ್ನಷ್ಟೇ. ದೂರದ ಯಜಮಾನನ ಅಪ್ಪಣೆಯನ್ನಲ್ಲ. ಅನಂತರ ಬಂದ ಹಲವು ತಂತ್ರಾಂಶಗಳು ಹಾಗಲ್ಲ. ಸ್ಥಾಪಿಸಿದೊಡನೆ ಸಂಸ್ಥೆಯ ಸರ್ವರಿಗೆ ಅರಿಕೆ ಮಾಡಿಕೊಂಡು ಅನುಮತಿ ಪಡೆಯಬೇಕು. ಸಿಎಸ್ ೨ಕ್ಕೆ ಅನುಮತಿ ಕೊಡುತ್ತಿದ್ದ ಸರ್ವರನ್ನು ಅಡೋಬಿ ೨೦೧೩ರ ಸುಮಾರಿಗೆ ಮುಚ್ಚಿತು. ಕೊಂಡವರಿಗಾಗಿ ಅನುಮತಿಯ ಹಂಗಿಲ್ಲದ ಪ್ರತಿಯನ್ನೂ ಬೇರೆ ಕ್ರಮಸಂಖ್ಯೆಯನ್ನೂ ಆಗ ಒದಗಿಸಿತೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಎಲ್ಲ ಸಂಸ್ಥೆಗಳಿಂದಲೂ ಇಷ್ಟನ್ನು ಕಾನೂನೇ ಕೇಳಬೇಕೆಂಬುದು ನನ್ನ ಅಭಿಪ್ರಾಯ. ಮಾರಿದ ಮನೆಯ ಕೀಲಿಯನ್ನು ಮಾರಿದವನೇ ಇಟ್ಟುಕೊಂಡರೆ ಅದು ಕ್ರಯವಲ್ಲ.

ವಾಚಕರು ಇದನ್ನು ಅಂಗಡಿಕಾರರ ತಾಪತ್ರಯವೆಂದು ಬದಿಗಿಡಬಾರದು. ಸುರಪುರ ಸೀಮೆಯ ಭಜನೆಯ ಮೇಳಗಳಿಂದ ತತ್ತ್ವಪದಗಳನ್ನು ಬರೆದುಕೊಂಡು ಸಂಗ್ರಹಿಸಿದ ಹಿರಿಯರೊಬ್ಬರಿದ್ದರು. ಅವರೂ ಇಲ್ಲ, ಅವರ ಕೈಬರಹದ ವಹಿಗಳಿಗೂ ಗೆದ್ದಲು ಹಿಡಿಯಿತು. ಹಾಡಿದವರಲ್ಲಿಯೂ ಹಲವರು ತೀರಿಕೊಂಡಿದ್ದಾರೆ. ಅಚ್ಚಾಗದೆ ಉಳಿದ ಆ ಸಂಗ್ರಹ ಈಗ ಇರುವುದು ಪೇಜ್‌ಮೇಕರಿನ ಒಂದು ಕಡತದಲ್ಲಿ. ಅದು ತೆರೆಯುವಷ್ಟು ದಿನ ಆ ಪದಗಳಿವೆ.

ಅದನ್ನು ಯೂನಿಕೋಡಿಗೆ ತರುವ ಕೆಲಸಕ್ಕೆ ಕೆಲವರು ಕೈಹಾಕಿದ್ದೇವೆ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಆದರೆ ಅವುಗಳ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ. ಅರ್ಕಾವತ್ತೇ ದೊಡ್ಡ ತೊಡಕು. ಹಳೆಯ ಸಂಕೇತದಲ್ಲಿ ಅದು ಕಣ್ಣಿಗೆ ಕಾಣುವಂತೆ ವ್ಯಂಜನದ ಅನಂತರ ಬರುತ್ತದೆ; ಯೂನಿಕೋಡಿನಲ್ಲಿ ಕಿವಿಗೆ ಕೇಳುವಂತೆ ಮೊದಲೇ ಬರಬೇಕು. ಪರಿವರ್ತಕ ಎಡವಿದಲ್ಲಿ ‘ಧರ್ಮ’ ಹೋಗಿ ‘ಧಮರ್’ ಆಗುತ್ತದೆ, ‘ಮರ್ಮ’ ‘ಮಮರ್’ ಆಗುತ್ತದೆ. ತತ್ತ್ವಪದಗಳಲ್ಲಿ ಧರ್ಮ, ಕರ್ಮ, ಮರ್ಮಗಳಿಗೆ ಬರವೇ? ಒಂದೊಂದು ಪುಟವನ್ನೂ ಹಳೆಯ ಯಂತ್ರದಿಂದ ತೆಗೆದ ಪಿಡಿಎಫ್‌ನ ಪಕ್ಕದಲ್ಲಿಟ್ಟು ಓದಬೇಕು. ಪದವಿ ತರಗತಿಯ ಇಬ್ಬರು ವಿದ್ಯಾರ್ಥಿನಿಯರು ಭಾನುವಾರಗಳಲ್ಲಿ ಬಂದು ಒಬ್ಬರು ಓದಿ ಹೇಳಿ, ಇನ್ನೊಬ್ಬರು ತಿದ್ದುತ್ತಾರೆ. ಅದರಲ್ಲೊಬ್ಬಳಿಗೆ ಅಜ್ಜಿಯಿಂದ ಬಂದ ಹಾಡುಗಾರಿಕೆ ಇದೆ; ತಪ್ಪು ಪದ ಬಂದರೆ ಧಾಟಿ ಮುರಿಯುವುದರಿಂದಲೇ ಅವಳಿಗೆ ಗೊತ್ತಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಪದಗಳು ಈಚೆಯ ದಡಕ್ಕೆ ಬಂದಿವೆ. ಉಳಿದುವು ಮುಗಿಯುವವರೆಗೆ ಆ ಎಕ್ಸ್‌ಪಿಯನ್ನು ಯಾರೂ ಮುಟ್ಟಕೂಡದೆಂದು ಅಂಗಡಿಯವರು ಯಂತ್ರದ ಮೇಲೆ ಚೀಟಿ ಅಂಟಿಸಿದ್ದಾರೆ.